ರಾಸ್‌ಡುಆನ್ ಹುಡುಗಿಯರಿಗೆ ತೆರೆದ ಮೈದಾನ

ಹುಲ್ಲಿನ ವಿಷಯದಲ್ಲಿ ಅಟ್ರಾಕ್ಟಾ ಗಿಲ್ರೇನ್‌ಗೆ ಎದುರಾಡುವವರು ಡ್ರಮ್‌ಕೀಲ್‌ನಲ್ಲಿ ಯಾರೂ ಇರಲಿಲ್ಲ. ಅಲ್ಲಿನ ಪ್ರಾಂತೀಯ ತರಬೇತಿ ಕೇಂದ್ರದ ನಾಲ್ಕು ಮೈದಾನಗಳೂ ಅವಳ ಸುಪರ್ದಿನಲ್ಲಿದ್ದವು. ಹುಲ್ಲು ಕತ್ತರಿಸುವುದು, ಬಿಳಿ ಗೆರೆ ಎಳೆಯುವುದು, ಗೋಲುಗಂಬಕ್ಕೆ ಬಲೆ ಕಟ್ಟುವುದು, ಗೇಟಿನ ಬೀಗ ತೆಗೆಯುವುದು, ಹಾಕುವುದು, ಎಲ್ಲ ಅವಳದೇ ಕೆಲಸ. ವಯಸ್ಸು ಐವತ್ತೇಳು. ಬಲಗಾಲನ್ನು ಸ್ವಲ್ಪ ಎಳೆದುಕೊಂಡು ನಡೆಯುತ್ತಿದ್ದಳು.

ಆ ಕಾಲು ಹಾಗಾದದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಆಗ ಅವಳು ಕೌಂಟಿಯ ಹೆಣ್ಣುಮಕ್ಕಳ ತಂಡದಲ್ಲಿ ಕಮೋಗಿ ಎಂಬ ಕೋಲುಚೆಂಡಿನ ಆಟ ಆಡುತ್ತಿದ್ದಳು. ಕೋಲು ಹಿಡಿದು ಅವಳು ಚೆಂಡಿನ ಹಿಂದೆ ಬಿದ್ದಳೆಂದರೆ ಹಿಡಿಯುವವರಿರಲಿಲ್ಲ. ಫೆಬ್ರವರಿಯ ಒಂದು ಭಾನುವಾರ, ನೀರು ನಿಂತ ಮೈದಾನದಲ್ಲಿ ಕಾಲು ಕೆಸರಿಗೆ ಕಚ್ಚಿಕೊಂಡಿತು. ಮೈ ತಿರುಗಿತು, ಮಂಡಿ ತಿರುಗಲಿಲ್ಲ. ಊರಿನ ಮೂಳೆ ಕೂರಿಸುವವನು ಎಳೆದು, ತಿರುವಿ, ಬಟ್ಟೆ ಬಿಗಿದು, "ಮೂರು ವಾರದಲ್ಲಿ ಜಿಂಕೆ ಥರ ಓಡ್ತೀಯ, ನೋಡು" ಎಂದಿದ್ದ. ಆಮೇಲೆ ಅವಳು ಓಡಲೇ ಇಲ್ಲ.

ಹಾಗಾಗಿ ಕೇಂದ್ರ ಶುರುವಾದಾಗ ಕೆಲಸಕ್ಕೆ ಮೊದಲು ಅರ್ಜಿ ಹಾಕಿದವಳು ಅವಳೇ. ಬೆಳಗಿಡೀ ಮಳೆ ಹೊಯ್ದರೂ ಮಧ್ಯಾಹ್ನಕ್ಕೆ ಆಡಬಹುದಾದ ನೆಲ, ವ್ಯಾಯಾಮದ ಕೋಣೆ, ಗಾಯಗಳಿಗೆಂದೇ ಒಬ್ಬಳು ಫಿಸಿಯೊ. ಮನೆಯಲ್ಲಿ ಊಟಕ್ಕೆ ಕೂತರೆ ಅದೇ ಮಾತು. ಅಂಚೆ ವ್ಯಾನು ಓಡಿಸುವ ಗಂಡ ಫಿಂಟನ್ ಆಲೂಗಡ್ಡೆ ಹಿಸುಕುತ್ತಾ ಕೆಣಕುತ್ತಿದ್ದ: "ಸ್ವರ್ಗ ಕಣೇ ನಿನ್ ಕೇಂದ್ರ, ಇಲ್ಲ ಅನ್ನಲ್ಲ. ಆದ್ರೆ ಸ್ವರ್ಗಕ್ಕೆ ಬಸ್ಸಿಲ್ವಲ್ಲ!"

ಅದು ನಿಜವೇ ಆಗಿತ್ತು. ಸರೋವರದ ಆಚೆ ದಡದ ಸಣ್ಣ ಕ್ಲಬ್ಬುಗಳಿಗೆ ಡ್ರಮ್‌ಕೀಲ್ ಒಂದೂಕಾಲು ಗಂಟೆಯ ದಾರಿ. ಕೇಂದ್ರ ಬಂದ ಮೇಲೆ ಆ ಊರುಗಳ ಮೈದಾನಗಳತ್ತ ಯಾರೂ ತಿರುಗಿ ನೋಡಿರಲಿಲ್ಲ.

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಆಚೆ ದಡದ ರಾಸ್‌ಡುಆನ್‌ನಿಂದ ಹದಿನೆಂಟು ಹುಡುಗಿಯರು ಮಿನಿಬಸ್ಸಿನಲ್ಲಿ ಬಂದಿಳಿದರು. ಅವರ ಊರಿನ ಮೈದಾನ ನವೆಂಬರ್‌ನಿಂದ ನೀರಿನಡಿ ಇತ್ತು. ತರಬೇತಿ ಕೊಡುತ್ತಿದ್ದ ಡಿಂಪ್ನಾ ಮೆಕೀವರ್ ಆರು ವಾರ ಮೊದಲೇ ಮೂರನೆಯ ಮೈದಾನ ಕಾದಿರಿಸಿದ್ದಳು. ಬಂದು ನೋಡಿದರೆ ಅಲ್ಲಿ ಕೌಂಟಿಯ ಗಂಡಸರ ತಂಡ ಓಡಾಡುತ್ತಿತ್ತು. ಅಟ್ರಾಕ್ಟಾ ಕೂಡಲೇ, ಕೇಂದ್ರದ ವ್ಯವಸ್ಥಾಪಕನಾದ ಮಾಲಕಿ ಹೆರಾಟಿ ಎಂಬವನಿಗೆ ಫೋನು ಮಾಡಿದಳು.

"ಅವರಿಗೆ ಮುಂದಿನ ತಿಂಗಳು ಬರೋಕೆ ಹೇಳಿ" ಎಂದ ಅವನು. "ಗಂಡಸರಿಗೆ ಭಾನುವಾರ ಪಂದ್ಯ ಇದೆ."

"ಇವರಿಗೂ ಭಾನುವಾರ ಪಂದ್ಯ ಇದೆ, ಮಾಲಕಿ."

"ನನ್ನ ಕೈಲಿ ಏನಿದೆ ಹೇಳಿ ಅಟ್ರಾಕ್ಟಾ?"

ಅವನ ಕೈಯಲ್ಲಿ ಇತ್ತೋ ಇಲ್ಲವೋ, ಅವಳ ಕೈಯಲ್ಲಿ ಬೀಗದ ಕೈ ಇತ್ತು. ಬೇಸಿಗೆಯ ದೊಡ್ಡ ಪಂದ್ಯಕ್ಕೆಂದು ಮುಚ್ಚಿಟ್ಟಿದ್ದ ನಾಲ್ಕನೆಯ ಮೈದಾನದ ಗೇಟನ್ನು ತೆರೆದಳು. ಹೆಂಗಸರ ಕೋಣೆಯಲ್ಲಿ ವ್ಯಾಯಾಮದ ಹಳೆಯ ಯಂತ್ರಗಳನ್ನು ಪೇರಿಸಿದ್ದರಿಂದ ಹುಡುಗಿಯರು ಹುಲ್ಲು ಕತ್ತರಿಸುವ ಯಂತ್ರದ ಶೆಡ್ಡಿನಲ್ಲೇ ಬಟ್ಟೆ ಬದಲಿಸಿಕೊಂಡರು.

"ಎಣ್ಣೆ ವಾಸನೆ ಮೆತ್ಕೊಂಡ್ರೆ ಎದುರಾಳಿಗಳು ಹತ್ರಾನೂ ಬರಲ್ಲ ಬಿಡ್ರೇ" ಎಂದು ಬ್ಲಾನಿಡ್ ಟೂಮಿ ಎಂಬ ಹದಿನೈದರ ಹುಡುಗಿ ಎಲ್ಲರನ್ನೂ ನಗಿಸಿದಳು.

ಇಪ್ಪತ್ತು ನಿಮಿಷ ಕಳೆದಿರಬಹುದು. ಚೆಂಡನ್ನು ಕೋಲಿನ ಮೇಲೆ ಕುಣಿಸುತ್ತಾ ಓಡಿದ ಬ್ಲಾನಿಡ್ ಒಮ್ಮೆಲೇ ತಿರುಗಿ ಕುಸಿದಳು. ಗೆರೆಯ ಆಚೆ ನಿಂತಿದ್ದ ಅಟ್ರಾಕ್ಟಾಗೆ ಮಂಡಿಯ ಟಪ್ ಎಂಬ ಸದ್ದು ಕೇಳಿಸಿತು. ಅದು ಎಂಥ ಸದ್ದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕಾಲೆಳೆಯುತ್ತಲೇ ವ್ಯಾಯಾಮದ ಕೋಣೆಗೆ ಧಾವಿಸಿ, ಫಿಸಿಯೊ ಇಮೆಲ್ಡಾ ಡಾಲಿಯನ್ನು ಹೆಚ್ಚುಕಡಿಮೆ ತೋಳು ಹಿಡಿದೇ ಎಳೆದು ತಂದಳು.

ಇಮೆಲ್ಡಾ ಮಂಡಿ ಮುಟ್ಟಿ ನೋಡಿದಳು, ಐಸ್ ಇಟ್ಟಳು, ಪಟ್ಟಿ ಕಟ್ಟಿ ಕಾಲು ಅಲುಗದಂತೆ ಮಾಡಿದಳು. ಸೋಮವಾರವೇ ಸ್ಕ್ಯಾನ್ ಆಯಿತು. ಏಪ್ರಿಲ್ ಮೊದಲ ವಾರ ಶಸ್ತ್ರಚಿಕಿತ್ಸೆಯೂ ಮುಗಿಯಿತು.

"ಒಂಬತ್ತು ತಿಂಗಳಾದ್ಮೇಲೆ ಕೋಲು ಹಿಡೀಬಹುದು" ಎಂದು ಇಮೆಲ್ಡಾ ಹುಡುಗಿಯ ತಾಯಿಗೆ ಹೇಳಿದಳು. "ಆದ್ರೆ ವಾರಕ್ಕೊಂದು ಸಲ ತಪ್ಪದೆ ಇಲ್ಲಿಗೆ ಬರಬೇಕು." ವೃದ್ಧಾಶ್ರಮದಲ್ಲಿ ಪಾಳಿಯ ಕೆಲಸ ಮಾಡುವ ತಾಯಿಗೆ ಕಾರಿರಲಿಲ್ಲ.

ಮಾಲಕಿ ಸಿಡಿಮಿಡಿಗೊಂಡದ್ದು ಬೇರೆ ವಿಷಯಕ್ಕೆ. "ನಾಲ್ಕನೇದನ್ನ ಯಾರನ್ನ ಕೇಳಿ ತೆಗೆದ್ರಿ?"

"ಹುಲ್ಲನ್ನ ಕೇಳ್ದೆ. ಬೇಡ ಅನ್ನಲಿಲ್ಲ."

ಅವನು ಗೊಣಗುತ್ತಾ ಕಚೇರಿಗೆ ನಡೆದ. ಕೆಟ್ಟ ಮನುಷ್ಯನಲ್ಲ ಅವನು. ಈ ಕೇಂದ್ರಕ್ಕಾಗಿ ಹನ್ನೊಂದು ವರ್ಷ ಕಚೇರಿಯಿಂದ ಕಚೇರಿಗೆ ಅಲೆದವನು.

ಜೂನ್ ಹೊತ್ತಿಗೆ ಬ್ಲಾನಿಡ್ ಬಂದದ್ದಕ್ಕಿಂತ ತಪ್ಪಿಸಿದ ವಾರಗಳೇ ಹೆಚ್ಚಾಗಿದ್ದವು. ಕಾಲು ಸೊರಗತೊಡಗಿದೆ ಎಂದು ಇಮೆಲ್ಡಾ ಹೇಳಿದ ದಿನ ಅಟ್ರಾಕ್ಟಾಗೆ ಊಟ ರುಚಿಸಲಿಲ್ಲ. ಮಂಗಳವಾರ ಕೇಂದ್ರದ ಸಮಿತಿ ಸೇರಿದಾಗ ಕೆಲಸದ ಬೂಟಿನಲ್ಲೇ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತಳು. ಎಂದೂ ಸಭೆಯಲ್ಲಿ ಮಾತಾಡಿದವಳಲ್ಲ. ಈಗ ಎದ್ದು ನಿಂತಳು.

"ಈ ಜಾಗ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಆ ಹುಡುಗಿ ಮಂಡಿ ಉಳಿದದ್ದೇ ಇಲ್ಲಿ ಬಿದ್ದಿದ್ದಕ್ಕೆ. ಅವರೂರಲ್ಲಿ ಬಿದ್ದಿದ್ರೆ ನನ್ನ ಹಾಗೆ ಕುಂಟ್ಕೊಂಡು ಇರೋಳು. ಆದ್ರೆ ಇಲ್ಲಿ ಬಿದ್ದೋರ ಮಂಡಿ ಮಾತ್ರ ನಮ್ಮದಾ? ಪ್ರಾಂತೀಯ ಅಂತ ಬೋರ್ಡು ಹಾಕಿದೀವಿ. ಪ್ರಾಂತ ಸರೋವರದ ಈಚೆ ದಡಕ್ಕೇ ಮುಗಿದುಹೋಗುತ್ತಾ?"

"ನೀವು ಹುಲ್ಲು ನೋಡ್ಕೊಳ್ಳೋರಲ್ವಾ?" ಎಂದು ಸಮಿತಿಯ ಒಬ್ಬರು ಕೇಳಿದರು.

"ಹೌದು. ಅಲ್ಲಿನ ಹುಲ್ಲು ನೀರಲ್ಲಿ ಕೊಳೀತಿದೆ, ಅದಕ್ಕೇ ಬಂದಿದೀನಿ. ವಾರಕ್ಕೊಂದು ದಿನ ನನ್ನ ಟ್ರ್ಯಾಕ್ಟರನ್ನೂ ಇಮೆಲ್ಡಾನೂ ಆಚೆ ಕಳಿಸಿ. ಅವರು ಬರೋಕಾಗ್ದಿದ್ರೆ ನಾವು ಹೋಗೋಣ."

ಮಾಲಕಿ ಮುಂದಿದ್ದ ವೇಳಾಪಟ್ಟಿ ತಿರುವಿದ. "ಗುರುವಾರ ಗಂಡಸರ ತಂಡಕ್ಕೆ ಬಿಡುವು. ಅವತ್ತು ಹೋಗಬಹುದು... ಮೂರು ತಿಂಗಳು ನೋಡೋಣ."

ಮೊದಲ ಗುರುವಾರ ರಾಸ್‌ಡುಆನ್‌ನ ಸಮುದಾಯ ಭವನದಲ್ಲಿ, ಚಹಾದ ಮೇಜಿನ ಪಕ್ಕ, ಇಮೆಲ್ಡಾ ಮಡಚುವ ಮಂಚ ಹಾಕಿದಳು. ಒಬ್ಬ ಹುಡುಗಿಗೆಂದು ಬಂದರೆ ಹನ್ನೊಂದು ಜನ ಕಾದಿದ್ದರು. "ನನ್ನದು ಆಟದ ಗಾಯ ಅಲ್ಲ ತಾಯಿ, ದೋಣಿ ಎಳೆದೂ ಎಳೆದೂ ಹೀಗಾಗಿರೋದು" ಎಂದು ಭುಜ ತೋರಿಸುತ್ತಾ ನಿಂತ ಎಪ್ಪತ್ತರ ಮುದುಕನೂ ಅವರಲ್ಲಿದ್ದ. ಇತ್ತ ಅಟ್ರಾಕ್ಟಾ ಮೈದಾನದ ಉದ್ದಕ್ಕೂ ನೀರು ಇಂಗಲೆಂದು ಟ್ರ್ಯಾಕ್ಟರಿನಿಂದ ನೆಲ ಚುಚ್ಚುತ್ತಾ ಹೋದಳು. ಹಳೆಯ ಚರಂಡಿ ಎಲ್ಲಿ ಮುಚ್ಚಿಹೋಗಿದೆಯೆಂದು ಡಿಂಪ್ನಾಳ ತಂದೆ ತೋರಿಸಿದರು. ಊರವರೆಲ್ಲ ಸಲಿಕೆ ಹಿಡಿದು ಸಂಜೆಯೊಳಗೆ ಅದನ್ನು ಬಿಡಿಸಿದರು. ಕಟ್ಟಿಕೊಂಡಿದ್ದ ಕಪ್ಪು ನೀರು ಗುಳುಗುಳು ಸದ್ದು ಮಾಡುತ್ತಾ ಸರೋವರದ ಕಡೆ ಹರಿದಾಗ ಮಕ್ಕಳು ಅದರ ಜೊತೆಗೇ ಓಡಿದರು.

ಮೂರು ತಿಂಗಳ ಗುರುವಾರಗಳು ಆರು ತಿಂಗಳಾದವು. ಆಮೇಲೆ ಯಾರೂ ಲೆಕ್ಕ ಕೇಳಲಿಲ್ಲ. ಎಲ್ಲವೂ ಸರಿಹೋಯಿತೆಂದಲ್ಲ. ಮೈದಾನ ಹಂಚುವಾಗ ಈಗಲೂ ಗಂಡಸರ ಹೆಸರೇ ಮೊದಲು ಬರುತ್ತದೆ. ಮೂರು ಪತ್ರ ಬರೆದ ಮೇಲೆ ಹೆಂಗಸರ ಕೋಣೆಯಿಂದ ಯಂತ್ರಗಳು ಹೊರಬಿದ್ದವು, ಅದೂ ಅರ್ಧದಷ್ಟು. ನಾಲ್ಕನೆಯ ಪತ್ರವನ್ನು ಅಟ್ರಾಕ್ಟಾ ಬರೆಯುತ್ತಿದ್ದಾಳೆ.

ಮರುವರ್ಷದ ವಸಂತದಲ್ಲಿ ರಾಸ್‌ಡುಆನ್ ತನ್ನದೇ ಮೈದಾನದಲ್ಲಿ ಆಡಿತು. ಬ್ಲಾನಿಡ್‌ಳನ್ನು ಕೊನೆಯ ಕಾಲು ಗಂಟೆಗೆ ಇಳಿಸಿದರು. ಮೊದಲ ಚೆಂಡಿಗೇ ಎದುರಾಳಿ ಹುಡುಗಿ ಭುಜದಿಂದ ಗುದ್ದಿ ಅವಳನ್ನು ಕೆಡವಿದಳು. ತಾಯಿ ಕಣ್ಣು ಮುಚ್ಚಿಕೊಂಡು ಪಕ್ಕದಲ್ಲಿದ್ದ ಅಟ್ರಾಕ್ಟಾಳ ತೋಳು ಗಟ್ಟಿಯಾಗಿ ಹಿಡಿದಳು.

"ಎದ್ಲಾ? ಹೇಳಿ, ಎದ್ಲಾ?"

"ಎದ್ದಿರೋದಷ್ಟೇ ಅಲ್ಲ" ಎಂದಳು ಅಟ್ರಾಕ್ಟಾ. "ರೆಫರಿ ಜೊತೆ ಜಗಳಕ್ಕೂ ನಿಂತಿದಾಳೆ."