ಇಂಬಳ ಮರದಿಂದ ಬೀಳುತ್ತದೆಯೇ?

ಆಗೆಲ್ಲ ಜಾವಳಿ ಕಡೆಯ ಮಕ್ಕಳನ್ನು ಕಾಲು ನೋಡಿಯೇ ಗುರುತು ಹಿಡಿಯಬಹುದಿತ್ತು. ಜೂನ್ ಬಂತೆಂದರೆ ಮೊಣಕಾಲ ಕೆಳಗೆಲ್ಲ ಜಿಗಣೆ ಜಾತಿಯ ಇಂಬಳ ಕಚ್ಚಿದ ಕಲೆ. ಶಾಲೆಗೆ ಕಾಫಿ ತೋಟದ ದಾರಿಯಲ್ಲೇ ಹೋಗಬೇಕು. ರಕ್ತ ಕುಡಿದು ಉಬ್ಬಿದ ಇಂಬಳಕ್ಕೆ ಉಪ್ಪು ಹಾಕಿ ಬೀಳಿಸುವುದರಲ್ಲಿ ನಮಗೆ ಪಂದ್ಯವೇ ನಡೆಯುತ್ತಿತ್ತು.

ಐದನೇ ಕ್ಲಾಸಿನಲ್ಲಿ ಜಯಂತಿ ಟೀಚರ್ ಒಂದು ದಿನ ಕೇಳಿದರು, "ಈ ಇಂಬಳ ಎಲ್ಲಿಂದ ಬರುತ್ತೆ?"

"ಮರದಿಂದ ಬೀಳುತ್ತೆ ಟೀಚರ್!" ಹನ್ನೊಂದು ಮಕ್ಕಳೂ ಒಟ್ಟಿಗೆ ಕೂಗಿದೆವು.

"ಬೀಳೋದನ್ನ ಯಾರು ನೋಡಿದೀರಿ?"

ಯಾರೂ ಕೈಯೆತ್ತಲಿಲ್ಲ. "ನಮ್ಮಪ್ಪ ಹೇಳಿದ್ದು" ಎಂದೆ. ಅಪ್ಪ ಎಸ್ಟೇಟಿನ ಮೇಸ್ತ್ರಿ. ತೋಟದ ವಿಷಯದಲ್ಲಿ ಅಪ್ಪ ಹೇಳಿದ ಮೇಲೆ ಮುಗಿಯಿತು.

"ಹಾಗಾದ್ರೆ ನಾವೇ ನೋಡಿಬಿಡೋಣ" ಅಂದರು ಟೀಚರ್.

ಮರುದಿನ ನೆಲದಿಂದ ಇಂಬಳ ಹತ್ತದಂತೆ ನಾನೂ ಸೇರಿ ಐವರ ಕಾಲಿಗೆ ಹೊಗೆಸೊಪ್ಪು ಕಲಸಿದ ಬೇವಿನೆಣ್ಣೆ ಬಳಿದರು. ನಮ್ಮ ತಲೆ ಬರಿದು. ಉಳಿದ ಆರು ಮಂದಿಗೆ ತಲೆಯಿಂದ ಸೊಂಟದವರೆಗೆ ಪ್ಲಾಸ್ಟಿಕ್ ಕೊಪ್ಪೆ, ಕಾಲು ಬರಿದು. ಶಾಲೆಯ ಹಿಂದೆ ಹಲಸಿನ ಮರದಡಿ, ಕೊಳೆತ ಹಣ್ಣಿನ ವಾಸನೆಯ ನಡುವೆ ನಿಂತೆವು. ಕೊಪ್ಪೆಯವರ ಕಾಲಲ್ಲಿ ಹದಿನಾಲ್ಕು ಇಂಬಳ ಸಿಕ್ಕವು. ಎಣ್ಣೆ ಬಳಿದವರಲ್ಲಿ ಒಂದೇ ಒಂದು. ಅದೂ ನನ್ನ ಕುತ್ತಿಗೆಯಲ್ಲಿ!

"ಇದೊಂದು ಬರೆಯದೆ ಬಿಟ್ಟುಬಿಡ್ಲಾ ಟೀಚರ್?"

"ಬೇಡ. ನಮ್ಮ ಮಾತಿಗೆ ಒಪ್ಪದೆ ಇರೋದನ್ನೇ ಮೊದಲು ಬರಿ. ಆಮೇಲೆ ಹೇಗೆ ಬಂತು ಯೋಚನೆ ಮಾಡು."

ಬಿದ್ದ ಹಣ್ಣು ನೋಡಲು ಪೊದೆಯೊಳಗೆ ತಲೆ ತೂರಿಸಿದ್ದು ನೆನಪಾಯಿತು. ಪೊದೆಯಿಂದಲೋ, ಮರದಿಂದಲೋ? ಇನ್ನೊಂದು ಸಲ ನೋಡಬೇಕು ಎಂದರು ಟೀಚರ್.

ಸಂಜೆ ಅಮ್ಮ ಅಕ್ಕಿ ರೊಟ್ಟಿ, ಕಳಲೆ ಪಲ್ಯ ಬಡಿಸುವಾಗ ಅಪ್ಪನಿಗೆ ಎಲ್ಲ ಹೇಳಿದೆ.

"ಇಪ್ಪತ್ತು ವರ್ಷದಿಂದ ತೋಟದಲ್ಲಿರೋನು ನಾನಾ, ನಿಮ್ಮ ಟೀಚರಾ?"

"ಬೀಳೋದನ್ನ ನೀನು ನೋಡಿದೀಯಾ ಅಪ್ಪ?"

ಅಪ್ಪ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದುಹೋದರು. "ದೊಡ್ಡೋರಿಗೆ ಎದುರು ಮಾತಾ?" ಎಂದು ಅಮ್ಮ ಕಿವಿ ಹಿಂಡಿದಳು.

ಮರುದಿನ ಮಧ್ಯಾಹ್ನ ಶಾಲೆಯ ಬಾಗಿಲಲ್ಲಿ ಅಪ್ಪ! ಜಗಳಕ್ಕೇ ಬಂದರು ಅಂದುಕೊಂಡೆ. ಟೀಚರೂ ಗಾಬರಿಯಿಂದ ಎದ್ದು ನಿಂತರು. ಅಪ್ಪನ ಕಾಲಿಂದ ಬೇವಿನೆಣ್ಣೆಯ ಕಮಟು ಬರುತ್ತಿತ್ತು.

"ಎಲ್ಲಿ ಟೀಚರೇ, ಆ ಮರ?"

ಸೋನೆ ಮಳೆಯಲ್ಲಿ ಬರಿತಲೆಯಲ್ಲಿ ಒಂದು ಗಂಟೆ ನಿಂತರು. ನಾವೆಲ್ಲ ಜಗಲಿಯಿಂದ ಕಣ್ಣು ಮಿಟುಕಿಸದೆ ನೋಡಿದೆವು. ಕೊನೆಗೆ ನಾನೇ ಅವರ ಕೂದಲು, ಕುತ್ತಿಗೆ, ಕಿವಿಯ ಹಿಂದೆ ಹುಡುಕಿದೆ. ಒಂದೂ ಇಲ್ಲ.

"ಬೀಳಲ್ಲ ಅಂತ ಬರ್ಕೋ ಮಗಾ."

"ಇವತ್ತು, ಈ ಮರದಿಂದ, ಒಂದು ಗಂಟೆಯಲ್ಲಿ ಬೀಳ್ಲಿಲ್ಲ ಅಂತ ಬರಿ" ಎಂದು ಟೀಚರ್ ತಿದ್ದಿದರು. "ನಮಗೆ ಗೊತ್ತಾಗಿದ್ದು ಅಷ್ಟೇ."

ಅಪ್ಪ ಜೋರಾಗಿ ನಕ್ಕುಬಿಟ್ಟರು.

ಮಾರನೆಯ ಬೆಳಿಗ್ಗೆ ಹಾಜರಿಗೆ ನಿಂತ ಆಳುಗಳ ಮುಂದೆ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು, "ಇಂಬಳದ ವಿಷಯ ನಾನು ಹೇಳ್ತಿದ್ದಿದ್ದು ತಪ್ಪು ಮಾರಾಯ್ರಾ. ನನ್ನ ಮಗಳು ಕೇಳಿದ ಮೇಲೇ ನಂಗೆ ಗೊತ್ತಾಗಿದ್ದು."

ಆ ಶಾಲೆಗೆ ಈಗ ಬೀಗ ಬಿದ್ದಿದೆ. ಜಯಂತಿ ಟೀಚರ್ ಎಲ್ಲಿದ್ದಾರೋ ತಿಳಿಯದು. ನಾನೂ ವಸ್ತಾರೆ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರಶ್ನೆ ಕೇಳುವ ಮಕ್ಕಳಿಗೆ ಇವತ್ತಿಗೂ ಬರವಿಲ್ಲ. ಆದರೆ ಹತ್ತು ವರ್ಷದ ಹುಡುಗಿಯ ಪ್ರಶ್ನೆಗೆ ಕೋಪ ಮಾಡಿಕೊಂಡು, ರಾತ್ರಿಯೆಲ್ಲ ಯೋಚಿಸಿ, ಮರುದಿನ ತಾನೇ ಮಳೆಯಲ್ಲಿ ಹೋಗಿ ನಿಲ್ಲುವ ದೊಡ್ಡವರನ್ನು ಅಪ್ಪ ಹೋದ ಮೇಲೆ ನಾನು ಕಂಡಿಲ್ಲ.