ಶಂಖದ ಗುರುತಿನ ಶ್ರುತಿಪೆಟ್ಟಿಗೆ

ಮಾಕಳಿಯ ರಾಮಾಂಜಿನಪ್ಪನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಬಿ.ಪಿ. ಇರಲಿಲ್ಲ. ವಾದಿರಾಜ ಇದ್ದ, ಅದೇ ಸಾಕಾಗಿತ್ತು.

ಪೀಣ್ಯದ ಶ್ರುತಿಪೆಟ್ಟಿಗೆ ಕಾರ್ಖಾನೆಯಲ್ಲಿ ಇಬ್ಬರದೂ ಅಕ್ಕಪಕ್ಕದ ಮೇಜು. ಹಿತ್ತಾಳೆಯ ರೀಡುಗಳನ್ನು ಅರದಿಂದ ಕೆರೆದು ಶ್ರುತಿ ಕೂಡಿಸುವ ಕೆಲಸ. ನಾನು ಅದೇ ಷೆಡ್ಡಿನಲ್ಲಿ ಪೆಟ್ಟಿಗೆಗೆ ಗಾಳಿ ತುಂಬುವ ತಿದಿ ಅಂಟಿಸುತ್ತಿದ್ದೆ. ಹಾಗಾಗಿ ಈ ಹೊಟ್ಟೆಕಿಚ್ಚನ್ನು ಇಪ್ಪತ್ತೈದು ವರ್ಷ ಹತ್ತಿರದಿಂದಲೇ ನೋಡಿದ್ದೇನೆ. ರಾಮಾಂಜಿನಪ್ಪ ಹತ್ತು ಸಲ ಕೆರೆದು ಹತ್ತು ಸಲ ಕೇಳುತ್ತಿದ್ದ. ವಾದಿರಾಜ ಎರಡು ಸಲ ಕೆರೆದು ಕಾಫಿಗೆ ಎದ್ದುಬಿಡುತ್ತಿದ್ದ. ಅವನು ಏಳುವುದನ್ನು ಕಂಡರೇ ಇವನಿಗೆ ಮೈಯೆಲ್ಲ ಉರಿ.

ಶ್ರುತಿ ಕೂಡಿಸಿದವರು ಮುಚ್ಚಳದ ಒಳಗೆ ತಮ್ಮ ಗುರುತು ಕೊರೆಯಬೇಕೆಂಬುದು ಅಲ್ಲಿನ ಕಾನೂನು. ವಾದಿರಾಜನದು ಶಂಖ, ಇವನದು ಮೂರು ಗೀಟು. ಅಪಸ್ವರವೆಂದು ಪೆಟ್ಟಿಗೆ ವಾಪಸ್ಸು ಬಂದರೆ ಗುರುತು ನೋಡಿ ಅದೇ ಮೇಜಿನ ಮೇಲಿಟ್ಟು, ಎಲ್ಲರೆದುರು ಮೇಸ್ತ್ರಿ ಉಗಿಯುತ್ತಿದ್ದರು. ಮೂರು ಗೀಟಿನವು ವರ್ಷಕ್ಕೆ ಒಂದೆರಡು ಬರುತ್ತಿದ್ದವು. ಶಂಖದ್ದು ಒಂದೂ ಬರಲಿಲ್ಲ.

ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಬಂದ ಮೇಲೆ ನಮ್ಮ ಷೆಡ್ಡು ಮುಚ್ಚಿತು. ೨೦೧೧ರಲ್ಲಿ ಮಾಲೀಕರ ಮೊಮ್ಮಗಳು ಸುಕೃತಿ ಅದನ್ನೇ ವಾದ್ಯಗಳ ಮ್ಯೂಸಿಯಂ ಮಾಡಿ ಹಳಬರನ್ನೆಲ್ಲ ಕರೆದಳು. ವೀಣೆ, ಹಾರ್ಮೋನಿಯಂ, ನಮ್ಮ ಅರಗಳು, ಅಂಟಿನ ಡಬ್ಬಿ, ಹಳೆಯ ಬೆಲೆಪಟ್ಟಿ ಎಲ್ಲವೂ ಗಾಜಿನೊಳಗೆ. ನಟ್ಟನಡುವೆ ತೆರೆದ ಮೇಜಿನ ಮೇಲೆ ಒಂದು ಶ್ರುತಿಪೆಟ್ಟಿಗೆ, ಅದರ ಕೆಳಗೆ ಬೋರ್ಡು: ‘ಇಪ್ಪತ್ತೆಂಟು ವರ್ಷ ಒಮ್ಮೆಯೂ ರಿಪೇರಿಗೆ ಬಾರದ್ದು. ಶ್ರುತಿ: ವಾದಿರಾಜ.’

ರಾಮಾಂಜಿನಪ್ಪ ಪೆಟ್ಟಿಗೆಯ ಪಕ್ಕೆಯಲ್ಲಿದ್ದ ಮೊಟ್ಟೆಯಾಕಾರದ ಮರದ ಗಂಟನ್ನೇ ನೋಡುತ್ತ ನಿಂತ.

“ಇದು ನಂದು ಕಣಮ್ಮಾ,” ಎಂದ.

ಸುಕೃತಿ ಹುಷಾರಾಗಿ ಮುಚ್ಚಳ ತೆಗೆದು ತೋರಿಸಿದಳು. “ಶಂಖ ಇದೆಯಲ್ಲಾ ಅಂಕಲ್?”

ಪಕ್ಕದಲ್ಲೇ ಇದ್ದ ವಾದಿರಾಜ ಕನ್ನಡಕ ಏರಿಸಿ ಬಗ್ಗಿದ. ರಾಮಾಂಜಿನಪ್ಪನ ಮುಖ ಕಪ್ಪಿಟ್ಟಿತು. ಸುಮ್ಮನಿದ್ದರೆ ಜೀವಮಾನದ ಒಳ್ಳೆಯ ಕೆಲಸ ಆ ಮನುಷ್ಯನ ಪಾಲು. ಬಾಯಿಬಿಟ್ಟರೆ ಮಾನ ಹೋಗುತ್ತದೆ. ಕೊನೆಗೆ ತಡೆಯಲಾಗಲಿಲ್ಲ.

“ಆ ಶಂಖ ನಾನೇ ಕೊರ್ದಿದ್ದು ಸಾಮಿ.”

“ನೀನಾ? ಯಾಕೋ ರಾಮಾಂಜಿ?”

“ಅದ್ರ ಪಂಚಮದ ಮ್ಯಾಲೆ ನಂಗೆ ಅನುಮಾನ ಇತ್ತು. ವಾಪಸ್ ಬಂದ್ರೆ ನಿಮ್ ಮೇಜಿಗೆ ಬರ್ಲಿ, ಒಂದ್ಸಲನಾದ್ರೂ ನೀವು ಬೈಸ್ಕಳ್ಳಿ ಅಂತ.”

ವಾದಿರಾಜ ತಾನೇ ತಿದಿ ಒತ್ತಿದ. ಪಂಚಮ ಷಡ್ಜದೊಡನೆ ಒಂದಾಗಿ ಷೆಡ್ಡಿನ ತುಂಬ ನಿಂತಿತು. ಸ್ವಲ್ಪ ಹೊತ್ತು ಕಣ್ಣುಮುಚ್ಚಿ ಕೇಳಿದ.

“ಇಷ್ಟು ಚೆನ್ನಾಗಿ ನನ್ಕೈಲಿ ಆಗ್ತಿರ್ಲಿಲ್ಲ ಕಣೋ,” ಎಂದು ನಕ್ಕುಬಿಟ್ಟ. “ಸುಕೃತಿ, ಬೋರ್ಡಲ್ಲಿ ಇವನ ಹೆಸರು ಹಾಕಮ್ಮ.” ಆಮೇಲೆ ಎಂದಿನಂತೆ ಕಾಫಿ ಎಲ್ಲಿ ಕೊಡುತ್ತಾರೆಂದು ಹುಡುಕುತ್ತ ಹೊರಟ. ಅಲ್ಲಿದ್ದವರೆಲ್ಲ ಅವನ ಹಿಂದೆಯೇ ಹೋದರು, ಎಂಥ ದೊಡ್ಡ ಮನಸ್ಸು ಎನ್ನುತ್ತ.

ತುಮಕೂರು ರಸ್ತೆಯ ಬಸ್ಸಿನಲ್ಲಿ ರಾಮಾಂಜಿನಪ್ಪ ಮಾದಾವರ ದಾಟುವವರೆಗೂ ಕಿಟಕಿಯಾಚೆ ನೋಡುತ್ತ ಕೂತಿದ್ದ. ಇನ್ನಾದರೂ ನೆಮ್ಮದಿಯಾಯಿತೇನೋ ಎಂದುಕೊಂಡೆ. ಅವನು ನನ್ನ ತೋಳು ಹಿಡಿದು ಅಲುಗಿಸಿದ.

“ನೋಡಿದ್ಯೇನ್ಲಾ? ಬೋರ್ಡ್ ನಂಗೆ ಕೊಟ್ಬುಟ್ಟು, ಒಳ್ಳೆಯವ್ನು ಅನ್ನೋ ಎಸ್ರೂ ಅವ್ನೇ ತಕ್ಕಂಡೋದ!”