ವಾಪಸ್ ಬಂದ ನಾಯಿ

ಆ ನಾಯಿಯನ್ನು ವಾಪಸ್ ತಂದು ಬಿಟ್ಟಾಗ ಅದರ ತಾಯಿ ನಾಲ್ಕನೇ ಸಲ ಮರಿ ಹಾಕಿ ಹನ್ನೊಂದು ದಿನವಾಗಿತ್ತು. ಯುಗಾದಿ ಮುಗಿದ ವಾರ. ಕುಕ್ಕುವಾಡದ ಹೊರಗೆ, ಕಾಲುವೆ ಪಕ್ಕದಲ್ಲಿರುವ ನಮ್ಮ ಹೊಲದ ಮನೆಯಲ್ಲಿ ಐದು ಮರಿಗಳು ಆಗತಾನೇ ಕಣ್ಣು ಬಿಡುತ್ತಿದ್ದವು. ನಾನು ಬೆಳಿಗ್ಗೆಯಿಂದ ಭತ್ತದಲ್ಲಿ ಕಳೆ ಕಿತ್ತು ಬಂದು, ಸೊಂಟ ನೆಟ್ಟಗೆ ಮಾಡಲಾಗದೆ ಕಟ್ಟೆಗೆ ಒರಗಿದ್ದೆ. ಕಾರೊಂದು ಬಂದು ಅಂಗಳದಲ್ಲಿ ನಿಂತಿತು.

ಇಳಿದವರು ದಾವಣಗೆರೆಯ ದೇವರಾಜ ಅರಸು ಬಡಾವಣೆಯವರು. ಮೂರು ವರ್ಷದ ಹಿಂದೆ ಇದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಒಂದು ಗಂಡು ಮರಿಯನ್ನು ಕೈಚೀಲದಲ್ಲಿ ಇಟ್ಟುಕೊಂಡು ಹೋಗಿದ್ದರು. ಈಗ ಹಿಂದಿನ ಸೀಟಿನಿಂದ ದೊಡ್ಡದೊಂದು ಕಂದು ನಾಯಿಯನ್ನು ಎಳೆದು ಇಳಿಸಿದರು. ಕೊರಿಯರ್ ಕೊಡಲು ಬಂದವನಿಗೆ ಕಚ್ಚಿತಂತೆ, ಆಮೇಲೆ ಪಕ್ಕದ ಮನೆಯವರಿಗೂ. ಇಂಜೆಕ್ಷನ್ ಎಲ್ಲ ಹಾಕಿಸಿದೆ, ರೋಗವೇನೂ ಇಲ್ಲ ಎಂದು ಆಸ್ಪತ್ರೆಯ ಚೀಟಿ ತೋರಿಸಿದರು.

"ನಿಮ್ಮ ನಾಯಿ ನಿಮ್ಮ ಹತ್ರಾನೇ ಇರ್ಲಿ ಬಿಡ್ರಿ. ನಮ್ಮ ಕೈಲಿ ಆಗ್ತಿಲ್ಲ" ಅಂದರು. ಚಹಾ ಮಾಡುತ್ತೇನೆಂದರೂ ನಿಲ್ಲಲಿಲ್ಲ. ಕಾರು ತಿರುಗುತ್ತಿದ್ದಂತೆ ನಾಯಿ ಅದರ ಹಿಂದೆ ಓಡಲು ಹೋಯಿತು. ಹಗ್ಗ ನನ್ನ ಕೈಯಲ್ಲಿತ್ತು, ಅಂಗೈ ತರಚಿತು.

ನಮ್ಮ ಮನೆಯಲ್ಲಿ ನಾಯಿ ಸಾಕುವುದು ಅತ್ತೆಯ ಕೆಲಸವಾಗಿತ್ತು. ಹಂದಿ ಬಂದರೆ ಗದ್ದೆಯಿಂದ ಗದ್ದೆಗೆ ಅಟ್ಟಿಕೊಂಡು ಹೋಗುವ ನಾಯಿಗಳು ಅವರವು. ಯಾವ ಹೆಣ್ಣಿಗೆ ಯಾವ ಗಂಡು ಅನ್ನುವುದನ್ನು ಅವರೇ ನಿಶ್ಚಯಿಸುತ್ತಿದ್ದರು. ಹೆಣ್ಣು ಬೆದೆಗೆ ಬಂದಾಗ ಊರನಾಯಿಗಳು ಹತ್ತಿರ ಸುಳಿಯದಂತೆ ಕೊಟ್ಟಿಗೆಯಲ್ಲಿ ಕೂಡಿ, ಬಾಗಿಲಲ್ಲೇ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಮರಿ ಕೇಳಿಕೊಂಡು ಹರಿಹರದ ಕಡೆಯಿಂದಲೂ ಜನ ಬರುತ್ತಿದ್ದರು. ಮಾರುವುದಿಲ್ಲ ಎಂದು ಹಟ. ಒಂದು ತೆಂಗಿನಕಾಯಿ ಇಸಕೊಂಡು ಮರಿ ಕೊಡುವುದು. ಅವರು ತೀರಿಕೊಂಡ ಮೇಲೆ ಆ ಕೆಲಸ ನನಗೆ ಬಂತು. ಬೇಕಾ ಎಂದು ಯಾರೂ ಕೇಳಲಿಲ್ಲ, ಬ್ಯಾಡ ಎಂದು ನಾನೂ ಅನ್ನಲಿಲ್ಲ.

ಆ ಸಂಜೆ ಕಂದು ನಾಯಿ ಹಗ್ಗ ಬಿಡಿಸಿಕೊಂಡು ಮರಿಗಳಿದ್ದ ಮೂಲೆಗೆ ಹೋಯಿತು. ತಾಯಿಗೆ ಅದು ತನ್ನ ಹೊಟ್ಟೆಯದು ಅನ್ನುವ ನೆನಪು ಎಲ್ಲಿಂದ ಬರಬೇಕು? ಮೈಮೇಲೆ ಎರಗಿ ಕಿವಿ ಸೀಳಿಬಿಟ್ಟಿತು. ನಾನು ಬಕೆಟ್ ನೀರು ಎರಚಿ ಬಿಡಿಸಿದೆ. ನಮ್ಮ ಮನೆಯವರು ಕಿವಿಗೆ ಅರಿಶಿನ ಮೆತ್ತುತ್ತಾ, ಮೊದಲೇ ಐದು ಮರಿ, ಇದನ್ನು ಬೇರೆ ಯಾಕೆ ಇಟ್ಟುಕೊಂಡೆ ಎಂದು ಬೈದರು. ನಾನು ಖಾಲಿ ಬಕೆಟ್ ಬೋರಲು ಹಾಕಿ ಅದರ ಮೇಲೇ ಕೂತೆ.

ಮರುದಿನದಿಂದ ಅದನ್ನು ದೂರ, ಸಿಮೆಂಟಿನ ಕಣದ ಹತ್ತಿರ ಕಟ್ಟಿದೆವು. ಅಲ್ಲಿ ಕಟ್ಟಿದ್ದು ಒಳ್ಳೆಯದೇ ಆಯಿತು, ಯಾಕೆಂದರೆ ಅದಕ್ಕೆ ಮಣ್ಣಿನ ಮೇಲೆ ಕಾಲಿಡಲು ಬರುತ್ತಿರಲಿಲ್ಲ. ಬದುವಿನ ಮೇಲೆ ನಡೆಸಿದರೆ ಒಂದೊಂದೇ ಕಾಲು ಎತ್ತಿ ಕೊಡವುತ್ತಿತ್ತು. ಕೆಸರು ಕಂಡರೆ ಕೂತುಬಿಡುತ್ತಿತ್ತು. ಒಂದು ಮುಸ್ಸಂಜೆ ಹಂದಿಗಳು ಬಂದಾಗ ನಮ್ಮ ನಾಯಿಗಳೆಲ್ಲ ಓಡಿದವು, ಇದು ಮಾತ್ರ ಟ್ರ್ಯಾಕ್ಟರಿನ ಕೆಳಗೆ ಸೇರಿಕೊಂಡು ನಡುಗುತ್ತಿತ್ತು. ರಸ್ತೆಯಲ್ಲಿ ಯಾವುದಾದರೂ ಕಾರಿನ ಹಾರ್ನ್ ಕೇಳಿಸಿತೋ, ಎದ್ದು ನಿಂತು ಆ ಕಡೆಯೇ ನೋಡುತ್ತಿತ್ತು. ಅದನ್ನು ನೋಡುವುದು ನನಗೆ ಎಲ್ಲ ಕೆಲಸಕ್ಕಿಂತ ದಣಿವಿನ ಕೆಲಸವಾಗಿತ್ತು. ಅವರು ಅದಕ್ಕೆ ಯಾವುದೋ ಇಂಗ್ಲಿಷ್ ಹೆಸರಿಟ್ಟಿದ್ದರು. ನಾನು ಆ ಹೆಸರಿನಿಂದ ಕರೆದರೆ ತಿರುಗಿ ನೋಡಿ, ತನ್ನವರಲ್ಲ ಎಂದು ಗೊತ್ತಾಗಿ ಮುಖ ತಿರುಗಿಸುತ್ತಿತ್ತು.

ಮರಿಗಳ ಹುಳದ ಔಷಧಿಗೆಂದು ದಾವಣಗೆರೆಗೆ ಹೋದ ದಿನ, ಸಿಟ್ಟು ತಡೆಯಲಾಗದೆ ಆ ಮನೆಯನ್ನು ಹುಡುಕಿಕೊಂಡು ಹೋದೆ. ಏನು ಬೈಯಬೇಕೆಂದು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಬಾಗಿಲು ತೆರೆದದ್ದು ಮನೆಯಾಕೆ. ಕಾರು ನಿಲ್ಲಿಸುವ ಜಾಗದ ಗೋಡೆಗೆ ಕಬ್ಬಿಣದ ಬಳೆ ಹಾಕಿದ್ದರು. ಅದರ ಸುತ್ತ ಅರ್ಧ ವೃತ್ತದಷ್ಟು ಟೈಲ್ಸಿನ ಹೊಳಪು ಹೋಗಿತ್ತು. ನಾನು ಅದನ್ನು ನೋಡುತ್ತಿರುವುದು ಆಕೆಗೆ ತಿಳಿಯಿತು.

"ಬೆಳಿಗ್ಗೆ ಎಂಟಕ್ಕೆ ಇಬ್ರೂ ಕೆಲಸಕ್ಕೆ ಹೋಗ್ತೀವ್ರಿ. ಸಂಜೀ ತನಕ ಅದೊಂದೇ ಇರ್ತಿತ್ತು" ಅಂದಳು. ಆಮೇಲೆ, "ಊಟ ಮಾಡ್ತೈತಾ?" ಎಂದು ಕೇಳಿದಳು.

ಮಾಡುತ್ತೆ ಅಂದೆ. ಮೂರು ವರ್ಷದ ಹಿಂದೆ ಮರಿ ಕೊಡುವಾಗ ನಿಮ್ಮ ಮನೆ ಹೇಗಿದೆ, ಹಗಲು ಯಾರು ಇರುತ್ತೀರಿ ಎಂದು ಒಂದು ಮಾತು ನಾನು ಕೇಳಿರಲಿಲ್ಲ. ಅತ್ತೆಯ ಕಾಲಕ್ಕೆ ಕೇಳುವ ಅಗತ್ಯವಿರಲಿಲ್ಲ. ಬರುವವರೆಲ್ಲ ಹೊಲದವರು, ಕುರಿಯವರು. ಅವತ್ತು ಒಂದು ಮರಿ ಕಡಿಮೆಯಾಯಿತಲ್ಲ ಎಂದಷ್ಟೇ ನನಗೆ ಅನ್ನಿಸಿತ್ತು. ಆಕೆ ಕೊಟ್ಟ ನೀರು ಕುಡಿದು ಎದ್ದು ಬಂದೆ.

ಆಮೇಲೆ ಮರಿ ಕೇಳಿ ಫೋನ್ ಮಾಡಿದವರಿಗೆಲ್ಲ ಮೊದಲು ನಿಮ್ಮ ಜಾಗ ನೋಡಬೇಕು ಅನ್ನತೊಡಗಿದೆ. ಕೆಲವರು ನಕ್ಕರು, ಇನ್ನು ಕೆಲವರು ಮತ್ತೆ ಫೋನೇ ಮಾಡಲಿಲ್ಲ. ಎಸ್.ಎಸ್. ಬಡಾವಣೆಯ ಎರಡು ಮನೆಗಳಿಗೆ ಬಿಸಿಲಲ್ಲಿ ನಡೆದು ಹೋಗಿ, ನೋಡಿ, ಆಗಲ್ಲ ಎಂದು ಬಂದೆ. ಮರಿಗಳು ದಿನದಿನಕ್ಕೆ ಬೆಳೆಯುತ್ತಿದ್ದವು, ತಾಯಿಯ ಪಕ್ಕೆಲುಬು ಎಣಿಸುವಂತಾಗಿತ್ತು.

"ಹಿಂಗೆ ಮದುವಿ ಸಂಬಂಧ ನೋಡಿದಂಗೆ ನೋಡ್ತಾ ಹೋದ್ರೆ ಎಲ್ಲವೂ ನಮ್ಮಲ್ಲೇ ಮುದುಕಾಗ್ತವೆ" ಅಂದರು ಮನೆಯವರು.

"ಆಗ್ಲಿ. ಆದ್ರೆ ಇನ್ನ ಮ್ಯಾಲೆ ಮರಿ ಹಾಕ್ಸೋದು ಬ್ಯಾಡ್ರಿ. ನನಗೆ ಸಾಕಾಗೇತಿ" ಅಂದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಸಾಕಾಗಿದೆ ಎಂದು ಅವರ ಮುಂದೆ ಹೇಳಿದ್ದು ಅದೇ ಮೊದಲು. ಅವರು ತಮ್ಮ ತಾಯಿಯ ಹೆಸರು ಎತ್ತುತ್ತಾರೆ ಅಂದುಕೊಂಡಿದ್ದೆ, ಎತ್ತಲಿಲ್ಲ.

ಹರಿಹರದಲ್ಲಿ ಕಟ್ಟಿಗೆ ಅಡ್ಡೆ ಇಟ್ಟುಕೊಂಡಿರುವ ಒಬ್ಬ ಸಾಬರು ಒಂದು ಬೆಳಿಗ್ಗೆ ಮರಿ ನೋಡಲು ಬಂದರು. ಮರಿಗಳನ್ನು ನೋಡಿದರು, ಕಣದ ಮೇಲೆ ಮಲಗಿದ್ದ ಕಂದು ನಾಯಿಯನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. ನಾನು ಏನನ್ನೂ ಮುಚ್ಚಿಡಲಿಲ್ಲ. ಕಚ್ಚಿದ್ದು, ಹಂದಿಗೆ ಹೆದರಿದ್ದು, ಮಣ್ಣು ತುಳಿಯದ್ದು ಎಲ್ಲ ಹೇಳಿದೆ.

"ನಮ್ಮ ಅಡ್ಡೆದಾಗೆ ಹಂದಿ ಎಲ್ಲಿ ಬರ್ಬೇಕ್ರಿ ಅಕ್ಕಾರೆ? ನೆಲ ಎಲ್ಲ ಕಾಂಕ್ರೀಟ್ ಐತೆ. ಇದನ್ನೇ ಕೊಡ್ರಿ" ಅಂದರು.

ಹಾಗಂದ ಮೇಲೂ ನಾನು ಎರಡು ಬಸ್ಸು ಬದಲಿಸಿ ಹರಿಹರಕ್ಕೆ ಹೋಗಿ ಅಡ್ಡೆ ನೋಡಿದೆ. ದೊಡ್ಡ ಕಾಂಪೌಂಡು, ಗರಗಸದ ಸದ್ದು, ಲಾರಿಗಳು, ದಿನವಿಡೀ ಜನ. ನಮಾಜಿನ ಕೋಣೆ ಒಂದಿದೆ, ಅದರೊಳಗೆ ಮಾತ್ರ ನಾಯಿ ಬಿಡುವುದಿಲ್ಲ ಎಂದು ಅವರೇ ಮೊದಲು ಹೇಳಿದರು. ಹೊಸಬರಿಗೆ ಒಗ್ಗುವ ತನಕ ತಾವೇ ಊಟ ಹಾಕುವುದಾಗಿಯೂ ಹೇಳಿದರು. ಹಗಲು ಕಟ್ಟುತ್ತೀರಾ ಎಂದು ಕೇಳಿದೆ. ಗೇಟು ಹಾಕಿದ ಮೇಲೆ ಬಿಡುತ್ತೇವೆ, ಹಗಲು ನನ್ನ ಕುರ್ಚಿಯ ಪಕ್ಕ ಇರುತ್ತದೆ ಅಂದರು.

ಕೊಟ್ಟೆವು. ಹತ್ತು ದಿನ ಬಿಟ್ಟು ಹೋಗಿ ನೋಡಿದಾಗ ಅದು ಅವರ ಕುರ್ಚಿಯ ಕೆಳಗೆ, ಮರದ ಹೊಟ್ಟಿನ ಮೇಲೆ ಮಲಗಿತ್ತು. ಹೊರಗೆ ಹಾರ್ನ್ ಆಗುತ್ತಲೇ ಇತ್ತು, ಕಣ್ಣು ತೆರೆಯಲಿಲ್ಲ. ನನಗೆ ಖುಷಿಯಾಗಬೇಕಿತ್ತು. ಎಲ್ಲಾದರೂ ನಾನೂ ಹೀಗೆ ಮಲಗಬೇಕು ಅನ್ನಿಸಿತು, ಅಷ್ಟೇ.

ಮರಿಗಳಲ್ಲಿ ಎರಡು ಕುರಿಯವರ ಹಟ್ಟಿಗೆ ಹೋದವು, ಒಂದು ಪಕ್ಕದ ಹೊಲಕ್ಕೆ. ಎರಡು ನಮ್ಮಲ್ಲೇ ಉಳಿದವು. ಬಿಸಿಲು ಇಳಿದು ಮೊದಲ ಮಳೆಯಾದ ಮೇಲೆ ಮನೆಯವರೇ ತಾಯಿನಾಯಿಯನ್ನು ಗೂಡ್ಸ್ ಆಟೋದಲ್ಲಿ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮರಿಯಾಗದಂತೆ ಆಪರೇಷನ್ ಮಾಡಿಸಿ ತಂದರು. ನೀನು ಬರಬ್ಯಾಡ, ಮಲಕ್ಕೋ ಎಂದು ಹೇಳಿ ಹೋಗಿದ್ದರು. ಅವರು ಬರುವಷ್ಟರಲ್ಲಿ ನಿಜವಾಗಿಯೂ ನಿದ್ದೆ ಹತ್ತಿತ್ತು. ಎದ್ದು ನೋಡಿದರೆ ಹೊಟ್ಟೆಗೆ ಬಟ್ಟೆ ಸುತ್ತಿಕೊಂಡ ನಾಯಿ ನನ್ನ ಚಾಪೆಯ ಅಂಚಿಗೆ ಗದ್ದ ಊರಿ ಮಲಗಿತ್ತು.